ಗೇಣು ದೂರದ ಚೆಂಡು

ಡುಲೂತ್ ಊರಿನಲ್ಲಿ ಹಿಮ ಬಿದ್ದರೆ ಗಾಲ್ಫಿನವರೆಲ್ಲ ಮಂಕಾಗುತ್ತಾರೆ. ಡ್ವೇನ್ ಟೋರ್ವಿಕ್ ಮಾತ್ರ ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲೇ, ಪ್ಲಾಸ್ಟಿಕ್ ಹುಲ್ಲು ಹಾಸಿ, ಗುಳಿ ಕೊರೆದು, ಬಾವುಟ ನೆಟ್ಟಿದ್ದಾನೆ. ಕಾಲರಿನ ಅಂಗಿ, ಟೋಪಿ ಇಲ್ಲದೆ ಮೆಟ್ಟಿಲಿಳಿಯುವುದಿಲ್ಲ. "ಮಾರ್ಲಿಸ್, ಆ ಯಂತ್ರ ನಿಲ್ಸು, ಆಟಗಾರ ಹೊಡೀತಿದ್ದಾನೆ!" "ಆಟಗಾರನ ಚಡ್ಡೀನೇ ಒಳಗೆ ತಿರುಗ್ತಿರೋದು," ಎನ್ನುತ್ತಾಳೆ ಹೆಂಡತಿ. ಆದರೆ ಚೆಂಡು ಗುಳಿಗೆ ಗೇಣು ದೂರದಲ್ಲಿ ನಿಂತರೆ ಅವನು ಹೊಡೆಯದೆ ಕಾಯುತ್ತಾನೆ. ಅಷ್ಟು ಹತ್ತಿರದ ಚೆಂಡು ಬಿದ್ದಂತೆಯೇ ಎಂದು ಎದುರಾಳಿ ಒಪ್ಪಿಬಿಡುವುದು ಗೆಳೆಯರ ಆಟದ ಮರ್ಯಾದೆ. "ಆಯ್ತು, ಎತ್ಕೊಳ್ಳೋ ಮಾರಾಯ" ಎಂದು ಮೂವತ್ತು ವರ್ಷ ಒಪ್ಪುತ್ತಿದ್ದ ಗೆಳೆಯ ಆರ್ವಿಲ್ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ಯಂತ್ರ ನಿಂತರೂ ಡ್ವೇನ್ ಕಾಯುತ್ತಲೇ ಇರುತ್ತಾನೆ. ಕೊನೆಗೆ ಬಟ್ಟೆ ಮಡಚುತ್ತಾ, ತಲೆಯೆತ್ತದೆ, ಮಾರ್ಲಿಸ್ ಅನ್ನುತ್ತಾಳೆ: "ಆಯ್ತು, ಎತ್ಕೊಳ್ಳೋ ಮಾರಾಯ." ಅವನು ಟೋಪಿ ತೆಗೆದು ಬಗ್ಗುತ್ತಾನೆ.