ಸಿಗದೆ ಹೋದ ಬಳೆಚೂರು

ಮೊನ್ನೆ ಹಿಟ್ಟಿನ ಡಬ್ಬಿ ಸರಿಸಿ ಅದರ ಹಿಂದಿನ ಮೂಲೆ ಗುಡಿಸುತ್ತಿದ್ದೆ. ಕಸಬರಿಗೆಯ ತುದಿಗೆ ಹಸಿರು ಗಾಜಿನ ಚೂರೊಂದು ಬಂತು. ಗೋಧಿಕಾಳಿಗಿಂತ ತುಸು ದೊಡ್ಡದು, ಒಂದಿಷ್ಟು ಬಾಗಿದ್ದು, ಬಳೆಯದೇ. ಕಸಬರಿಗೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಬಳೆಚೂರು ಕಂಡು ಯಾರಾದರೂ ಕೂರುತ್ತಾರೆಯೇ ಎನ್ನಬೇಡಿ. ಇಂಥದೊಂದನ್ನು ನಾನು ಮೂರು ವರ್ಷ ಹುಡುಕಿದವಳು.

ಉಮರ್ಗಾದ ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ, ಹಿಂದೆಯೇ ಮನೆ. ಮಗಳು ಒಂದನೆಯ ತರಗತಿಗೆ ಸೇರಿದ ವರ್ಷ, ಜೋಳದ ಹಿಟ್ಟು ನಾದುವಾಗ ನನ್ನ ಬಳೆಯೊಂದು ಪರಾತದ ಅಂಚಿಗೆ ತಾಗಿ ಒಡೆಯಿತು. ಚೂರುಗಳನ್ನು ಆರಿಸಿ ಕಟ್ಟೆಯ ಮೇಲೆ ದುಂಡಗೆ ಜೋಡಿಸಿದೆ. ಒಂದು ಕಡೆ ಸಂದು ಉಳಿಯಿತು. ನಾದಿದ್ದನ್ನೆಲ್ಲ ಚೆಲ್ಲಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸಂದು ನನ್ನ ತಲೆಯೊಳಗೆ ಬಂದು ಕೂತಿತು. ಚೂರು ಡಬ್ಬಿಯೊಳಗೆ ಹಾರಿದ್ದರೆ? ಮಗಳ ಗಂಟಲಿಗೆ ಸಿಕ್ಕಿಕೊಂಡರೆ?

ಗಾಜಿನ ಬಳೆ ಬಿಚ್ಚಿಟ್ಟೆ. ಹಿಟ್ಟನ್ನು ಎರಡು ಸಲ ಸಾಣಿಸಿದೆ, ಆಮೇಲೆ ನಾಲ್ಕು, ಕೊನೆಗೆ ಏಳು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಅದೂ ಸಾಲದೆ ನಮ್ಮ ಯಜಮಾನರು ಅಂಗಡಿ ಬಿಟ್ಟು ಬಂದು, ಬ್ಯಾಟರಿ ಹಿಡಿದು ಹಿಟ್ಟು ನೋಡಿ ‘ಏನೂ ಇಲ್ಲ’ ಅನ್ನಬೇಕು. ಅಂದರೆ ನನಗೆ ಅರ್ಧ ತಾಸಿನ ನೆಮ್ಮದಿ. ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿ, ಹಿಟ್ಟಿನ ಡಬ್ಬಿಗೂ ಬಳಿದರು. ಮಧ್ಯಾಹ್ನದ ರೊಟ್ಟಿ ನಾಲ್ಕು ಗಂಟೆಗೆ ಆಗತೊಡಗಿದಾಗ ಅವರಿಗೂ ತಾಳ್ಮೆ ತಪ್ಪಿತು.

“ಹೆಣ್ಣ ನೋಡ್ಲಿಕ್ಕಿ ಬಂದೋರು ಸುದ್ದಾ ಇಷ್ಟ ಸಲ ನೋಡಂಗಿಲ್ಲವ್ವಾ, ನೀ ಹಿಟ್ಟ ನೋಡ್ದಂಗ.”

ನಾನೂ ನಕ್ಕೆ. ನಕ್ಕಿದ್ದರಲ್ಲಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಸಾಣಿಸಿದೆ.

ಮಗಳ ಶಾಲೆಯ ಡಬ್ಬಿಗೆ ನನ್ನ ರೊಟ್ಟಿ ಹಾಕಲು ಧೈರ್ಯವಾಗದೆ ಬಿಸ್ಕಿಟು ಹಾಕುತ್ತಿದ್ದೆ. ಮೂರನೆಯ ವರ್ಷ, ಒಂದು ಮುಂಜಾನೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಅವಳು ಕೇಳಿದಳು: “ಅವ್ವಾ, ನಿನ್ನ ರೊಟ್ಟಿ ತಿಂದ್ರ ನಾ ಸಾಯ್ತೀನೇನ?”

ಆ ಮಾತಿಗೆ ನನಗೆ ಎಚ್ಚರವಾಯಿತು. ಚೂರು ಸಿಗಲಿ ಬಿಡಲಿ, ಭಯ ಮಾತ್ರ ಆಗಲೇ ಮಗಳ ಹೊಟ್ಟೆ ಸೇರಿತ್ತು.

ಆ ವಾರವೇ ನಾನೂ ಯಜಮಾನರೂ ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರಿಗೆ, ಮನಸ್ಸಿನ ಡಾಕ್ಟರ ಹತ್ತಿರ ಹೋದೆವು. ನನ್ನದೇ ವಯಸ್ಸಿನ ಹೆಣ್ಣುಮಗಳು. ಇದು ಗೀಳಿನ ಕಾಯಿಲೆ, ಹುಚ್ಚಲ್ಲ, ಇದಕ್ಕೆ ದಾರಿ ಇದೆ ಎಂದರು. ಆಮೇಲೆ ನನ್ನನ್ನು ಬಿಟ್ಟು ಯಜಮಾನರನ್ನು ಕೇಳಿದರು, ಅಂಗಡಿಗೆ ಜೋಳದ ಚೀಲ ಹೇಗೆ ಕೊಳ್ಳುತ್ತೀರಿ ಎಂದು.

“ಒಂದ ಹಿಡಿ ಅಂಗೈಮ್ಯಾಲ ಹಾಕಿ ನೋಡ್ತೀನ್ರಿ. ಕಾಳ ಕಾಳ ನೋಡ್ಕೋತ ಕುಂತ್ರ ಅಂಗಡಿ ಯಾವಾಗ ನಡಸ್ಲಿ?”

ಡಾಕ್ಟರು ನನ್ನ ಕಡೆ ತಿರುಗಿದರು. “ಕೇಳಿದ್ರಲ್ಲ? ಚೂರ ಇರಬಹುದು, ಇರಲಿಕ್ಕಿಲ್ಲ. ಗೊತ್ತಿಲ್ದನ ರೊಟ್ಟಿ ಮಾಡೂದು ಕಲೀರಿ, ತಾಯಿ.”

ಅವರು ಕೊಟ್ಟ ಪಾಠ ಇದು: ಏಳು ಸಲ ಸಾಣಿಸುವುದನ್ನು ವಾರಕ್ಕೆ ಒಂದೊಂದು ಸಲ ಇಳಿಸುತ್ತ ಬರಬೇಕು. ಗಾಜಿನ ಬಳೆ ಮತ್ತೆ ಹಾಕಬೇಕು. ಗಂಟು ಕಟ್ಟಿಟ್ಟಿದ್ದ ಹಳೆಯ ಚೂರುಗಳನ್ನು ಎಸೆಯಬೇಕು. ಮನೆಯವರಿಗೂ ಪಾಠವಿತ್ತು: ನಾನು ಎಷ್ಟೇ ಗೋಗರೆದರೂ ಯಾರೂ ‘ಏನೂ ಇಲ್ಲ’ ಅನ್ನಕೂಡದು. ನನ್ನ ಭಯಕ್ಕೆ ದಿನವೂ ತುತ್ತು ಹಾಕುತ್ತಿದ್ದದ್ದು ಅವರ ಅಂತಃಕರಣವೇ ಅಂತೆ. ಇದನ್ನು ಒಪ್ಪಲು ಯಜಮಾನರಿಗೆ ನನಗಿಂತ ಕಷ್ಟವಾಯಿತು. ನಾನು ಕೇಳಲು ಬಂದರೆ ಚೀಲದ ಮರೆಗೆ ಹೋಗಿ ನಿಲ್ಲುತ್ತಿದ್ದರು.

ಒಂದೇ ಸಲ ಸಾಣಿಸಿದ ಮೊದಲ ದಿನ ರೊಟ್ಟಿ ಬಡಿಯುವಾಗಲೇ ಹರಿಯಿತು. ಜರಡಿ ಮುಟ್ಟದೆ ಹಂಚಿನ ಮುಂದೆ ಕೂತೆ. ಭಯ ಏರಿತು, ಏರಿತು. ಆಮೇಲೆ, ಉಬ್ಬಿದ ರೊಟ್ಟಿ ತಾನಾಗಿಯೇ ಕೂರುವಂತೆ, ಮೆಲ್ಲಗೆ ಕೂತಿತು. ನಾನೇನೂ ಮಾಡಿರಲಿಲ್ಲ. ಅದೇ ನನಗೆ ಸೋಜಿಗ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಹಸಿಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ, ಅಂಬಲಿ ಕಟ್ಟಿಕೊಂಡು ಹೊಲಕ್ಕೇ ಹೋಗಬೇಕು, ದಾರಿಹೋಕರನ್ನೂ ಕರೆದು ಉಣಿಸಬೇಕು. ಹಿಂದಿನ ಎರಡು ಸಲ ತಲೆನೋವೆಂದು ತಪ್ಪಿಸಿಕೊಂಡಿದ್ದೆ. ಆ ವರ್ಷ, ಅಡುಗೆ ನನ್ನದೇ ಎಂದೆ. ಕೈತುಂಬ ಹಸಿರು ಬಳೆ ಹಾಕಿ, ಒಂದೇ ಸಲ ಸಾಣಿಸಿ, ನಲವತ್ತು ರೊಟ್ಟಿ ಬಡಿದೆ.

ದಾಳಿಂಬ ಎಂಬ ಊರಲ್ಲಿ ನಮ್ಮ ಭಾವನವರ ಹೊಲ. ತೊಗರಿ ಸಾಲಿನ ಪಕ್ಕ ಪಂಕ್ತಿ ಕೂತಿತು. ಯಜಮಾನರು ರಸ್ತೆಗೆ ಹೋಗಿ ಎರಡು ಮೋಟಾರ್‌ಸೈಕಲ್ ನಿಲ್ಲಿಸಿ ನಾಲ್ವರನ್ನು ಕರೆತಂದರು. ನನಗೋ, ನನ್ನ ಕೈಯಿಂದ ಸಾಯುವವರ ಸಂಖ್ಯೆ ನಾಲ್ಕು ಹೆಚ್ಚಿತಲ್ಲ ಎಂಬ ಚಿಂತೆ. ಎಲ್ಲರೂ ತುತ್ತು ಬಾಯಿಗಿಟ್ಟರು. ಅತ್ತೆಯ ಬಾಯೊಳಗೆ ‘ಕಟಕ್’ ಅಂತು.

ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. ಅತ್ತೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ತುಟಿ ತೆರೆಯುವ ಮೊದಲೇ ಮತ್ತೆ ಅಗಿಯತೊಡಗಿದರು.

“ಕೇಳಬ್ಯಾಡ. ಡಾಕ್ಟರ್ ಹೇಳ್ಯಾರ. ನಾ ಏನೂ ಹೇಳಂಗಿಲ್ಲ,” ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಮೊದಲು ನಕ್ಕವಳು ಮಗಳು. ಆಮೇಲೆ ಯಜಮಾನರು, ಆಮೇಲೆ ಏನೆಂದು ತಿಳಿಯದ ಆ ನಾಲ್ವರೂ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ರೊಟ್ಟಿ ಮುರಿದು, ಭಜ್ಜಿಯಲ್ಲಿ ಅದ್ದಿ, ಮಗಳ ಬಾಯಿಗೆ ನನ್ನ ಕೈಯಾರೆ ಇಟ್ಟೆ. ಅವಳು ಗಲ್ಲ ಉಬ್ಬಿಸಿ ಅಗಿದು ಮತ್ತೆ ಬಾಯಿ ತೆರೆದಳು.

ಆ ಯೋಚನೆ ಈಗಲೂ ಆಗೀಗ ಬರುತ್ತದೆ. ಕರೆಯದೆ ಬಂದ ಬೀಗರಂತೆ ಕೂತು ಹೋಗಲಿ ಎಂದು ಬಿಡುತ್ತೇನೆ. ಚಹಾ ಮಾತ್ರ ಕೊಡುವುದಿಲ್ಲ.

ಮೊನ್ನೆಯ ಚೂರು ಅಂಗೈಯಲ್ಲಿತ್ತು. ಅಂದಿನದೇ? ಹೊಂದಿಸಿ ನೋಡಲು ಹಳೆಯ ಚೂರುಗಳಿಲ್ಲ. ಆಮೇಲೆಯೂ ಎಷ್ಟೋ ಬಳೆ ಒಡೆದಿವೆ. ಪಡಸಾಲೆಯಲ್ಲಿ ಕೂತಿದ್ದ ಅತ್ತೆಗೆ ಅದನ್ನು ತೋರಿಸಿ, ತಮಾಷೆಗೆಂದೇ ಕೇಳಿದೆ: “ಅವತ್ತ ಹೊಲದಾಗ ಕಟಕ್ ಅಂದದ್ದೇನ್ರಿ, ಅತ್ತಿ?”

“ಹೇಳಂತ ಡಾಕ್ಟರ್ ಹೇಳ್ಯಾರೇನ?”

“ಇಲ್ರಿ.”

“ಹಂಗಾದ್ರ ರೊಟ್ಟಿ ಬಡಿ, ಹೋಗು. ಹಸಿವಾಗ್ಯಾದ.”

ಚೂರನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಹಿಟ್ಟನ್ನು ಒಂದು ಸಲ ಸಾಣಿಸಿ ಜರಡಿಯನ್ನು ಮೊಳೆಗೆ ತೂಗುಹಾಕಿದೆ. ನಾದತೊಡಗಿದರೆ ಬಳೆಗಳು ಪರಾತಕ್ಕೆ ತಾಗಿ ಕಿಣಿಕಿಣಿ ಅಂದವು. ಅನ್ನಲಿ ಬಿಡಿ.