ಮಡಿಕೇರಿಯಲ್ಲಿ ಒಗೆದ ಸೀರೆ

ಒಣಗಿಸುವ ವಿಷಯದಲ್ಲಿ ನಮ್ಮ ಅಕ್ಕನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಮಾನ್ವಿಯ ಅಕ್ಕಿ ಗಿರಣಿಯವರ ಮನೆಗೆ ಸೊಸೆಯಾಗಿ ಹೋದ ಮೇಲೆ ಅವಳ ಬದುಕೆಲ್ಲ ಬಿಸಿಲಿನ ಜೊತೆಗೇ ಕಳೆಯಿತು. ಕುದಿಸಿದ ಭತ್ತವನ್ನು ಗಿರಣಿಯ ಅಂಗಳದಲ್ಲಿ ಹರವಿದ ಮೇಲೆ ಅಕ್ಕ ಒಂದು ಕಾಳು ಎತ್ತಿ ಹಲ್ಲಿನ ನಡುವೆ ಕಚ್ಚುತ್ತಿದ್ದಳು. ಕಟ್ ಎಂಬ ಸದ್ದು ಬಾರದಿದ್ದರೆ, "ಇನ್ನಾ ಒಂದ್ ತಾಸು ಬೇಕು" ಎನ್ನುತ್ತಿದ್ದಳು. ಗಂಡಸರು ಎದುರಾಡುತ್ತಿರಲಿಲ್ಲ. ಸಂಡಿಗೆ, ಮೆಣಸಿನಕಾಯಿ, ಹಾಸಿಗೆ, ಒಗೆದ ಬಟ್ಟೆ, ಯಾವುದು ಎಷ್ಟು ಹೊತ್ತಿಗೆ ಒಣಗುತ್ತದೆ ಎಂಬುದು ಅವಳ ಬೆರಳ ತುದಿಯಲ್ಲಿತ್ತು. ಅಂಥ ಅಕ್ಕ ಮಡಿಕೇರಿಯಲ್ಲಿ ನಾಲ್ಕು ಸೀರೆ ಒಣಗಿಸಲಾಗದೆ ಸೋತು ಕೂತಳು. ಆ ಸೋಲಿನ ದಿನಕ್ಕಾಗಿ ನಾನು ಇವತ್ತಿಗೂ ಹಂಬಲಿಸುತ್ತೇನೆ.

ನಮ್ಮದು ದೇವದುರ್ಗ ತಾಲ್ಲೂಕಿನ ಗಬ್ಬೂರು. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ಗಂಡನ ಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡೇ ಹೋದಳು. "ಇಕಿ ಬರ್ಲಿಲ್ಲಂದ್ರ ನಾನೂ ಬರಂಗಿಲ್ಲ" ಎಂದು ಬೀಗರ ಮುಂದೆ ಕೂತುಬಿಟ್ಟಳಂತೆ. ಅವಳು ಜೀವನದಲ್ಲಿ ತನ್ನ ಬಾಯಿಂದ ಕೇಳಿ ಪಡೆದದ್ದು ಅದೊಂದೇ ಇರಬೇಕು. ಅವಳು ಓದಿಸಿದ್ದರಿಂದ ನಾನು ರಾಯಚೂರಿನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್ ಆದೆ.

ಅಕ್ಕನ ಅಡುಗೆಮನೆಯಲ್ಲಿ, ಒಲೆಯ ಮೇಲ್ಗಡೆ, ದೇವದುರ್ಗದ ಗೊಬ್ಬರದಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಚಿತ್ರವಿತ್ತು. ತಿಂಗಳ ಹಾಳೆಗಳು ಹರಿದುಹೋಗಿ ಎಷ್ಟೋ ವರ್ಷವಾಗಿದ್ದರೂ ಚಿತ್ರ ಮಾತ್ರ ಉಳಿದಿತ್ತು. ಕಾಫಿ ತೋಟ, ಅದರ ಹಿಂದೆ ಗುಡ್ಡ, ಗುಡ್ಡದ ಸೊಂಟಕ್ಕೆ ಮಂಜು, ಕೆಳಗೆ 'ಮಡಿಕೇರಿ' ಎಂಬ ಅಕ್ಷರ. ಒಗ್ಗರಣೆಯ ಎಣ್ಣೆ ಸಿಡಿದೂ ಸಿಡಿದೂ ಗುಡ್ಡ ಹಳದಿಯಾಗಿತ್ತು.

"ಆ ಬೆಳ್ಳಗಿರೂದು ಏನದು? ಶಕ್ತಿನಗರದ ಚಿಮಣಿ ಹೊಗಿ ಇದ್ದಂಗದ" ಎಂದಳು ಒಮ್ಮೆ.

"ಹೊಗಿ ಅಲ್ಲಕ್ಕಾ, ಮಂಜು."

"ಅದರಾಗ ನಿಂತ್ರ ತಣ್ಣಗ ಇರ್ತದೇನು?"

ಕಡುಬೇಸಿಗೆಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಕೇಳಿದ ಪ್ರಶ್ನೆ ಅದು. "ನೀನೇ ಬಂದು ನಿಂತು ನೋಡುವಂತಿ, ಕರ್ಕೊಂಡ್ ಹೋಗ್ತೀನಿ" ಎಂದು ಮಾತು ಕೊಟ್ಟೆ. ನನಗೆ ನೌಕರಿ ಸಿಕ್ಕು ಹತ್ತು ವರ್ಷ ಕಳೆದರೂ ಅದು ಬರೀ ಮಾತಾಗಿಯೇ ಇತ್ತು. ನನಗೆ ರಜೆ ಇದ್ದಾಗ ಗಿರಣಿಗೆ ರಜೆ ಇರುತ್ತಿರಲಿಲ್ಲ.

ಕೊನೆಗೂ ಹೊರಟದ್ದು ಆಷಾಢದಲ್ಲಿ. ಗಿರಣಿಯ ಬಾಯ್ಲರನ್ನು ರಿಪೇರಿಗೆ ಬಿಚ್ಚುವ ವಾರ ಮಾತ್ರ ಅಕ್ಕನಿಗೆ ಪುರುಸೊತ್ತು, ಅದರಲ್ಲೂ ನಾಲ್ಕು ದಿನ. ಹೋಗಿ ಬರಲು ಮೂರು ದಿನ, ನೋಡಲು ಒಂದು ದಿನ. ಆ ಒಂದೇ ದಿನದಲ್ಲಿ ಅಬ್ಬಿ ಜಲಪಾತ, ರಾಜಾಸೀಟು, ಕೋಟೆ, ಕಾಫಿ ತೋಟ ಎಲ್ಲ ಮುಗಿಸಬೇಕೆಂದು ನಾನು ಚೀಟಿ ಬರೆದುಕೊಂಡಿದ್ದೆ. ಮಳೆಗಾಲದಲ್ಲಿ ಮಾರುತಗಳು ಪಶ್ಚಿಮ ಘಟ್ಟಕ್ಕೆ ಬಡಿದು ಧಾರಾಕಾರ ಮಳೆ ಸುರಿಸುತ್ತವೆ ಎಂದು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ನಾನೇ. ಟಿಕೆಟ್ ತೆಗೆಸುವಾಗ ಮಾತ್ರ ಆ ಪಾಠ ನೆನಪಾಗಲಿಲ್ಲ. ನಮ್ಮ ಕಡೆ ಆಷಾಢವೆಂದರೆ ಗಾಳಿ, ನಾಲ್ಕು ಹನಿ ಬಿದ್ದರೆ ಪುಣ್ಯ.

ಒಬ್ಬೊಬ್ಬರಿಗೆ ಎರಡೆರಡು ಸೀರೆ, ಒಂದು ಮೈಮೇಲೆ, ಒಂದು ಚೀಲದಲ್ಲಿ. ನಮ್ಮಲ್ಲಿ ಊರಿಗೆ ಹೋಗುವವರು ಬಟ್ಟೆ ಹೊರುವುದಿಲ್ಲ, ರೊಟ್ಟಿ ಹೊರುತ್ತಾರೆ. ಸೀರೆಯೇನು, ಒಗೆದು ಹಾಕಿ ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಒಣಗಿರುತ್ತದೆ. ಹಾಗಾಗಿ ಚೀಲದ ತುಂಬ ಮುಟ್ಟಿದರೆ ಮುರಿಯುವಂಥ ಜೋಳದ ಖಡಕ್ ರೊಟ್ಟಿಗಳು, ಡಬ್ಬಿಯಲ್ಲಿ ಶೇಂಗಾ ಚಟ್ನಿ.

ರೈಲು ಇಳಿದು ಬಸ್ಸು ಹಿಡಿದು, ಮಾರನೆಯ ದಿನ ಸಂಜೆಯ ಹೊತ್ತಿಗೆ ಮಡಿಕೇರಿ ಮುಟ್ಟಿದೆವು. ಬಸ್ಸಿನಿಂದ ಇಳಿದ ಗಳಿಗೆಯಿಂದ ಮಳೆ. ಉಳಿಯಲು ಹಿಡಿದದ್ದು ಊರಂಚಿನ ಒಂದು ಮನೆ. ಕೆಳಗೆ ಒಬ್ಬ ಹೆಂಗಸು ತನ್ನ ಸಂಸಾರದೊಂದಿಗೆ ಇದ್ದಳು, ಮೇಲಿನ ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಿದ್ದಳು. ಕೋಣೆಗೆ ಕಾಲಿಟ್ಟವಳೇ ಅಕ್ಕ ಅಭ್ಯಾಸಬಲದಿಂದ ಗೋಡೆಯ ಗುಂಡಿಗಳನ್ನೆಲ್ಲ ಒತ್ತಿ ಮೇಲೆ ನೋಡಿದಳು.

"ಫ್ಯಾನಿಲ್ಲದ ಮನೀನೂ ಇರ್ತಾವೇನು!" ಎಂದು ಬಾಯಿಮೇಲೆ ಕೈ ಇಟ್ಟುಕೊಂಡಳು.

ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ನಾವು ಉಟ್ಟು ಬಂದವು ಕೆಸರಾಗಿದ್ದವು, ಚೀಲದಲ್ಲಿದ್ದವು ರೈಲಿನಲ್ಲಿ ಉಟ್ಟು ಬಿಚ್ಚಿದವು. ಅಕ್ಕ ನಾಲ್ಕನ್ನೂ ಬಕೆಟ್ಟಿನಲ್ಲಿ ನೆನೆಸಿ, ಕುಕ್ಕಿ, ಹಿಂಡಿ, ಕಿಟಕಿಯಿಂದ ಬಾಗಿಲಿಗೆ ಹಗ್ಗ ಕಟ್ಟಿ ಸಾಲಾಗಿ ಹರವಿದ್ದಳು. ನೈಟಿ ಹಾಕಿಕೊಂಡು, ತೃಪ್ತಿಯಿಂದ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಮುಂಜಾನಿ ಗರಿಗರಿ ಆಗಿರ್ತಾವ ನೋಡು" ಎಂದಳು.

ಮುಂಜಾನೆ ನೋಡಿದರೆ ಸೀರೆಗಳು ಸಂಜೆಗಿಂತ ಹೆಚ್ಚು ಒದ್ದೆಯಾಗಿದ್ದವು. ಅಕ್ಕ ಒಂದೊಂದರ ಸೆರಗನ್ನೂ ಬೆರಳಿನಲ್ಲಿ ತಿಕ್ಕಿ ನೋಡಿದಳು, ಕೆನ್ನೆಗೆ ಒತ್ತಿ ನೋಡಿದಳು. ಹಿಂದೆಂದೂ ನಾನು ಅವಳ ಮುಖದಲ್ಲಿ ಅಂಥ ಗಲಿಬಿಲಿ ಕಂಡಿರಲಿಲ್ಲ. ರೊಟ್ಟಿಯ ಗಂಟು ಬಿಚ್ಚಿದರೆ ಅವೂ ಮೆತ್ತಗಾಗಿ ಚಪಾತಿಯಂತೆ ಬಾಗುತ್ತಿದ್ದವು.

ಕೆಳಗಿನ ಹೆಂಗಸು ಕಾಫಿ ತಂದವಳು ನಮ್ಮ ಅವಸ್ಥೆ ನೋಡಿ ನಕ್ಕುಬಿಟ್ಟಳು. "ಅಯ್ಯೋ, ಈ ಮಳೇಲಿ ಸೀರೆ ಒಗೀತಾರಾ? ಒಣಗೋಕೆ ಒಂದು ವಾರ ಬೇಕು. ನಂದೇ ಎರಡು ಕೊಡ್ತೀನಿ, ಉಟ್ಕೊಂಡು ಹೋಗಿ ಬನ್ನಿ" ಎಂದಳು. ನಾನು ಹೂಂ ಅನ್ನುವುದರೊಳಗೆ ಅಕ್ಕ ಬೇಡವೆಂದಳು. ನಾಲ್ಕು ಮಂದಿಗೆ ಸೀರೆ ಕೊಡುವ ಮನೆಯವಳು ಕಾಣದ ಊರಿನಲ್ಲಿ ಇನ್ನೊಬ್ಬರ ಸೀರೆ ಉಟ್ಟು ತಿರುಗಬೇಕೇ! ಹೊಸದನ್ನು ಕೊಂಡು ತರೋಣವೆಂದರೆ ಅಂಗಡಿಗೆ ಉಟ್ಟುಕೊಂಡು ಹೋಗಲು ಸೀರೆ ಬೇಕಲ್ಲ. ಹೆಂಗಸು ನಮ್ಮ ಸೀರೆಗಳಲ್ಲಿ ಎರಡನ್ನು ತನ್ನ ಒಲೆಯ ಮೇಲಿನ ಹಗ್ಗಕ್ಕೆ ಹರವುತ್ತೇನೆಂದು ಒಯ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಹತ್ತು ವರ್ಷ ಕಾದು ಬಂದ ಒಂದೇ ದಿನ, ಕೈಯಲ್ಲಿ ಚೀಟಿ, ಹೊರಗೆ ಮಡಿಕೇರಿ, ಒಳಗೆ ನೈಟಿ ಹಾಕಿಕೊಂಡ ನಾವಿಬ್ಬರು.

"ಒಂದ್ ದಿನಾ ಕೈಯಾಗ ಕೆಲ್ಸ ಇಲ್ಲಂದ್ರ ನಿನ್ನ ಜೀವಾ ಹೋಗ್ತದೇನು? ನಿನ್ನ ಕರ್ಕೊಂಡ್ ಬಂದಿದ್ದೇ ತಪ್ಪಾತು" ಎಂದುಬಿಟ್ಟೆ.

ಅಕ್ಕ ಹಾಸಿಗೆಯ ಮೇಲಿನ ಕಂಬಳಿ ಎಳೆದು ಹೊದ್ದುಕೊಂಡು ಕಿಟಕಿಯ ಹತ್ತಿರ ಹೋಗಿ ಕೂತಳು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಎಷ್ಟೋ ಹೊತ್ತಿನ ಮೇಲೆ ಹೊರಳಿ ನೋಡಿದರೆ ಅಕ್ಕನ ಕೈಗಳು ಮಡಿಲಲ್ಲಿ ಸುಮ್ಮನಿರಲಾರದೆ ಕಂಬಳಿಯ ಅಂಚಿನ ದಾರ ಬಿಡಿಸುತ್ತಿದ್ದವು. ಆಮೇಲೆ ಅದನ್ನೂ ಬಿಟ್ಟವು. ಕಿಟಕಿಯಾಚೆ ಮಂಜು ಬಂದು ಗುಡ್ಡವನ್ನು ಮುಚ್ಚುತ್ತಿತ್ತು, ತೆಗೆಯುತ್ತಿತ್ತು. ಅಕ್ಕ ಕಿಟಕಿ ತೆರೆದು ಕೈ ಹೊರಗೆ ಚಾಚಿದಳು.

"ಬಾರವ್ವಾ, ತಣ್ಣಗ ಅದ" ಎಂದಳು.

ಸಿಟ್ಟಿನಲ್ಲಿಯೇ ಎದ್ದು ಹೋದೆ. ಒಂದೇ ಕಂಬಳಿಯಲ್ಲಿ ಇಬ್ಬರನ್ನೂ ಸುತ್ತಿಕೊಂಡಳು, ಗಬ್ಬೂರಿನಲ್ಲಿ ಅವ್ವ ತೀರಿಕೊಂಡ ವರ್ಷ ಸುತ್ತಿಕೊಳ್ಳುತ್ತಿದ್ದಂತೆ. ಮಧ್ಯಾಹ್ನ ಮೆತ್ತನೆಯ ರೊಟ್ಟಿಗೆ ಚಟ್ನಿ ಹಚ್ಚಿ ನನ್ನ ಬಾಯಿಗಿಟ್ಟಳು. ಚಹಾ ಬಿಟ್ಟರೆ ಬೇರೇನೂ ಕುಡಿಯದವಳು ಅಂದು ಮೂರು ಲೋಟ ಕಾಫಿ ಕುಡಿದಳು. ಮಾತು ಶುರುವಾದದ್ದು ಯಾವಾಗ ಎಂಬುದು ನೆನಪಿಲ್ಲ. ಹೊಸ ಸೊಸೆಯಾಗಿದ್ದಾಗ ಗಿರಣಿಯ ಅಂಗಳದಲ್ಲಿ ಭತ್ತ ತಿರುವಲು ಬರಿಗಾಲಿನಲ್ಲಿ ಸಾಲು ಹಿಡಿದು ನಡೆಯಬೇಕಿತ್ತಂತೆ. ಕಾಲು ಎಳೆಯುತ್ತಾ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ, ಅಂಗಾಲು ಸುಡುತ್ತಿದ್ದರೂ ನಿಲ್ಲುವಂತಿರಲಿಲ್ಲ.

"ಅದೇ ನಡಿಗಿ ನೆಟ್ಟಗ ನಡದಿದ್ರ ಈ ಊರು ಯಾವಾಗೋ ಮುಟ್ತಿದ್ದೆ" ಎಂದು ನಕ್ಕಳು. ನನಗೂ ನಗು ಬಂತು, ಅದರ ಹಿಂದೆಯೇ ಅಳು. ಅವಳನ್ನು ಬೈದದ್ದಕ್ಕೆ ತಪ್ಪಾಯಿತೆಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಸಂಜೆಯವರೆಗೆ ಹಾಗೆಯೇ ಕೂತಿದ್ದೆವು. ಅಕ್ಕ ಇಡೀ ದಿನ ಏನೂ ಮಾಡದೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾರನೆಯ ದಿನ ಒಲೆಯ ಹೊಗೆವಾಸನೆಯ ಅರೆಹಸಿ ಸೀರೆಗಳನ್ನುಟ್ಟು, ಉಳಿದೆರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆವು.

ಮಾನ್ವಿಗೆ ಬಂದ ಮೇಲೆ ಗಿರಣಿಯ ಹೆಣ್ಣಾಳುಗಳು ಸುತ್ತ ಕೂತು ಕೇಳಿದರು, "ಏನೇನ್ ನೋಡಿದ್ರಿ ಯವ್ವಾ?" ಅಕ್ಕ ಜಲಪಾತದಿಂದ ಶುರುಮಾಡಿದಳು. ನೀರು ಹೇಗೆ ಬೀಳುತ್ತದೆ, ಎಷ್ಟು ದೂರಕ್ಕೆ ಹನಿ ಸಿಡಿಯುತ್ತದೆ, ರಾಜರು ಯಾವ ಕಟ್ಟೆಯ ಮೇಲೆ ಕೂತು ಸಂಜೆಯ ಸೂರ್ಯನನ್ನು ನೋಡುತ್ತಿದ್ದರು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. ನಾನು ಬೆರಗಾಗಿ ಕೇಳುತ್ತಾ ನಿಂತೆ. ಅವರೆಲ್ಲ ಎದ್ದು ಹೋದ ಮೇಲೆ, "ಅವೆಲ್ಲಾ ಯಾವಾಗ ನೋಡಿದಿ?" ಎಂದು ಕಾಡಿಸಿದೆ.

"ಏನೂ ನೋಡ್ಲಿಲ್ಲಂದ್ರ ಕರ್ಕೊಂಡ್ ಹೋದಾಕಿಗೆ ಕೆಟ್ಟ ಹೆಸರು ಬರ್ತದಲ್ಲಾ" ಎಂದಳು. ಆಮೇಲೆ ಮೆಲ್ಲಗೆ, "ಮತ್ತ ಹೋಗೂಣು. ಈ ಸಲ ಆರಾರು ಸೀರಿ ಒಯ್ಯೂಣು. ಒಗಿಯಂಗಿಲ್ಲ ನಾನು, ಆಣಿ ಮಾಡ್ತೀನಿ" ಎಂದಳು.

ಹೂಂ ಅಂದೆ. ಮುಂದಿನ ಆಷಾಢದಲ್ಲಿ ತರಬೇತಿ ಇತ್ತು, ಅದರ ಮುಂದಿನದರಲ್ಲಿ ವರ್ಗಾವಣೆಯ ಓಡಾಟ, ಆಮೇಲೆ ಇನ್ನೇನೋ. ಪ್ರತಿ ವರ್ಷ ಬಾಯ್ಲರ್ ಬಿಚ್ಚಿದ ದಿನ ಅಕ್ಕ ಫೋನು ಮಾಡಿ, "ಗಿರಣಿ ನಿಂತದ ನೋಡು" ಎಂದಷ್ಟೇ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಅಷ್ಟೊಂದು ಕೆಲಸವೇನೂ ಇರಲಿಲ್ಲ. ಅಕ್ಕ ಎಲ್ಲಿ ಹೋಗುತ್ತಾಳೆ ಎಂಬ ಧೈರ್ಯ.

ಹೋದ ವರ್ಷ ಅಕ್ಕ ಹೋಗಿಬಿಟ್ಟಳು. ಮೂರು ದಿನ ಜ್ವರ, ನಾಲ್ಕನೆಯ ದಿನ ಇಲ್ಲ. ಮನೆಯವರು ಅವಳ ಟ್ರಂಕು ತೆರೆದು ನೆನಪಿಗೆ ಬೇಕಾದ ಸೀರೆ ತೆಗೆದುಕೊ ಎಂದರು. ರೇಷ್ಮೆಯವನ್ನೆಲ್ಲ ಸರಿಸಿ, ಮಡಿಕೇರಿಯಲ್ಲಿ ಒಗೆದಿದ್ದ ಕುಂಕುಮ ಬಣ್ಣದ ಇಳಕಲ್ ಸೀರೆಯನ್ನು ತೆಗೆದುಕೊಂಡೆ. ಮೂಸಿ ನೋಡಿದೆ, ಹೊಗೆಯ ವಾಸನೆ ಎಂದೋ ಹೋಗಿತ್ತು.

ಮೊನ್ನೆ ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಹಾಕಿ, ಆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಮಡಿಕೇರಿಗೆ ಹೋದೆ. ಅದೇ ಮನೆ, ಅದೇ ಕೋಣೆ. ಕೆಳಗಿನ ಹೆಂಗಸು ಗುರುತು ಹಿಡಿದು, "ಸೀರೆ ಒಗೆದವರಲ್ವಾ? ಅಕ್ಕ ಬರಲಿಲ್ವಾ?" ಎಂದಳು. ಇಲ್ಲ ಎಂದೆ. ಬೆಳಿಗ್ಗೆ ಹಳೆಯ ಚೀಟಿಯಲ್ಲಿದ್ದ ಜಾಗಗಳಿಗೆಲ್ಲ ಹೋಗಿ ಬಂದೆ. ಅರ್ಧ ದಿನ ಕೂಡ ಹಿಡಿಯಲಿಲ್ಲ. ಜಲಪಾತದಲ್ಲಿ ನೀರು ಸಣ್ಣಗಾಗಿತ್ತು. ಅಕ್ಕ ಹೇಳಿದ್ದ ಜಲಪಾತವೇ ಚೆನ್ನಾಗಿತ್ತು.

ಕೋಣೆಗೆ ಬಂದು ಅಕ್ಕನ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಸಿ, ಕುಕ್ಕಿ, ಹಿಂಡಿದೆ. ಕಿಟಕಿಯಿಂದ ಬಾಗಿಲಿಗೆ ಹಗ್ಗ ಕಟ್ಟುತ್ತಿದ್ದಾಗ ಹೆಂಗಸು ಕಾಫಿ ತಂದಳು. "ಒಳಗ್ಯಾಕೆ? ಕೊಡಿ, ಕಣದ ಪಕ್ಕ ಹಾಕ್ತೀನಿ" ಎಂದು ನಾನು ಬೇಡವೆನ್ನುವ ಮೊದಲೇ ಒಯ್ದಳು. ಮನೆಯ ಹಿಂದೆ ಕಾಫಿ ಹಣ್ಣು ಒಣಗಲು ಹರವಿದ್ದರು. ಒಬ್ಬಳು ಬರಿಗಾಲಿನಲ್ಲಿ ಕಾಲು ಎಳೆಯುತ್ತಾ, ಈ ತುದಿಯಿಂದ ಆ ತುದಿಗೆ ಅವನ್ನು ತಿರುವುತ್ತಿದ್ದಳು. ಕಿಟಕಿಯಲ್ಲಿ ಕೂತು ಅವಳನ್ನೇ ನೋಡಿದೆ. ಆಕಾಶದಲ್ಲಿ ಒಂದು ಚೂರು ಮಂಜಿರಲಿಲ್ಲ, ಬಿಸಿಲು ನಮ್ಮೂರಿನದರಂತೆಯೇ ಇತ್ತು.

ಎರಡು ತಾಸಿನಲ್ಲಿ ಹೆಂಗಸು ಸೀರೆ ಮಡಿಸಿ ತಂದಳು. "ನೋಡಿ, ಗರಿಗರಿ ಒಣಗಿದೆ. ಇನ್ನು ನೀವು ಸಂಜೆ ಬಸ್ಸಿಗೇ ಹೊರಡಬಹುದು" ಎಂದಳು.

ಅವಳು ಮೆಟ್ಟಿಲಿಳಿದು ಹೋಗುವವರೆಗೆ ಕಾದೆ. ಆಮೇಲೆ ಬಚ್ಚಲಿಗೆ ಹೋಗಿ, ಒಣಗಿದ ಸೀರೆಯನ್ನು ಮತ್ತೆ ಬಕೆಟ್ಟಿನ ನೀರಿಗೆ ಹಾಕಿದೆ.