ಸೋರಿದ ತೊಟ್ಟಿ, ಸೋಲದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಕೆಲಸ ಒಂದು ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ. ಮುಂದೆ ಗಿರಾಕಿಗಳು ಕನ್ನಡಿ ನೋಡಿಕೊಂಡು ಫ್ರೇಮು ಆರಿಸುತ್ತಿದ್ದರೆ, ಹಿಂದೆ ಇವಳು ದುಂಡನೆಯ ಲೆನ್ಸನ್ನು ಸಾಣೆಗೆ ಹಿಡಿದು ಆ ಫ್ರೇಮಿನ ಆಕಾರಕ್ಕೆ ತರುತ್ತಾಳೆ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಲೆನ್ಸು ಅಲುಗಾಡುತ್ತದೆ, ಕಡಿಮೆ ಉಜ್ಜಿದರೆ ಫ್ರೇಮು ಬಿರಿಯುತ್ತದೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವಳಿಗೆ ಗಾಜಿನ ಮೇಲೆ ಒಂದು ಬೆರಳ ಗುರುತು ಕಂಡರೂ ಊಟದಲ್ಲಿ ಕಲ್ಲು ಸಿಕ್ಕ ಹಾಗೆ. ಮನೆಗೆ ಬಂದ ನೆಂಟರ ಮೂಗಿನ ಮೇಲಿಂದ ಕನ್ನಡಕ ತೆಗೆದು, ಒರೆಸಿ, ವಾಪಸ್ ಕೂರಿಸಿದ ಮೇಲೆಯೇ ಕುಶಲ ಕೇಳುವವಳು. ನಾವು ಮಕ್ಕಳೆಲ್ಲ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದೆವು.

ಇಂಥವಳ ಮನೆಗೆ ಮೀನಿನ ತೊಟ್ಟಿ ಬಂತು. ನಾನು ಆಗ ಓದಿನ ಸಲುವಾಗಿ ಅವರ ಮನೆಯಲ್ಲೇ ಇದ್ದೆ, ಆದ್ದರಿಂದ ಮೊದಲಿನಿಂದ ಕೊನೆಯವರೆಗೂ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಚಿಕ್ಕಮ್ಮನ ಮಗಳಿಗೆ ಒಂಬತ್ತು ವರ್ಷ. ನಾಯಿಮರಿ ಬೇಕೆಂದು ಅವಳ ಹಟ, ಕಟ್ಟಡದಲ್ಲಿ ನಾಯಿ ಸಾಕುವಂತಿಲ್ಲ ಎಂದು ನಿಯಮ. ಅದೇ ಹೊತ್ತಿಗೆ ಮೇಲಿನ ಮನೆಯ ಮೇಷ್ಟರಿಗೆ ವರ್ಗವಾಗಿ, ಹೊರಡುವ ಮುಂಚೆ ತಮ್ಮ ಖಾಲಿ ಗಾಜಿನ ತೊಟ್ಟಿಯನ್ನು ನಮಗೆ ದಾಟಿಸಿದರು. ಚಿಕ್ಕಪ್ಪ ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ತಂದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟರು. ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಅದನ್ನು ಉಜ್ಜಿ ಉಜ್ಜಿ ಅಲ್ಲಿ ಗಾಜೇ ಇಲ್ಲವೇನೋ ಎನ್ನುವಂತೆ ಮಾಡಿದಳು. ಮಧ್ಯಾಹ್ನ ಹತ್ತು ಮೀನು ಬಂದವು. ಸಂಜೆ ಮನೆಯವರೆಲ್ಲ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು.

ಬುಧವಾರದ ಹೊತ್ತಿಗೆ ನೀರು ಹಾಲು ಬೆರೆಸಿದಂತೆ ಬಿಳಿಚಿಕೊಂಡಿತು. ಚಿಕ್ಕಮ್ಮ ನೀರನ್ನೆಲ್ಲ ಚೆಲ್ಲಿ, ತಳದ ಕಲ್ಲು ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಮತ್ತೆ ತುಂಬಿಸಿದಳು. ಶುಕ್ರವಾರ ಎರಡು ಮೀನು ತೇಲಿದವು. ಮತ್ತೆ ತೊಳೆದಳು. ಸೋಮವಾರ ಮೂರು. ತೊಳೆದಷ್ಟೂ ಸಾಯುತ್ತಿದ್ದವು, ಸತ್ತಷ್ಟೂ ಇವಳು ತೊಳೆಯುತ್ತಿದ್ದಳು. ಎರಡನೇ ವಾರ ಮುಗಿಯುವಾಗ ಉಳಿದದ್ದು ಎರಡೇ. ಮಗಳು ಅಳುವುದನ್ನೂ ಬಿಟ್ಟು, ಶಾಲೆಯಿಂದ ಬಂದವಳು ತೊಟ್ಟಿಯ ಕಡೆ ನೋಡದೆ ಒಳಗೆ ಹೋಗತೊಡಗಿದಳು. ಅದೇ ಚಿಕ್ಕಮ್ಮನಿಗೆ ಹೆಚ್ಚು ಚುಚ್ಚಿತು ಎಂದು ಕಾಣುತ್ತದೆ. ಒಂದು ದಿನ ಕೆಲಸ ಮುಗಿಸಿಕೊಂಡು ನೇರವಾಗಿ, ಆ ಬಣ್ಣದ ಮೀನುಗಳನ್ನು ಕೊಂಡಿದ್ದ ಮೀನಿನಂಗಡಿಗೆ ಹೋದಳು. ನಾನೂ ಜೊತೆಗಿದ್ದೆ.

ಮೀನಿನಂಗಡಿಯವನು ಮಾತಿನಲ್ಲಿ ಜಿಪುಣ. ಇವಳು ಏನೇನು ಮಾಡಿದಳೆಂಬುದನ್ನೆಲ್ಲ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟೇ:

"ನೀವು ಮೀನು ಸಾಕ್ತಾ ಇಲ್ಲಮ್ಮ, ಗಾಜು ತೊಳೀತಾ ಇದ್ದೀರಿ. ಮೊದಲು ನೀರು ಸಾಕಿ."

ಚಿಕ್ಕಮ್ಮನ ಮುಖ ಕೆಂಪಾಯಿತು. ಆದರೂ ಎದ್ದು ಬರಲಿಲ್ಲ. ನೀರು ಸಾಕೋದು ಅಂದರೆ ಹೇಗೆ ಎಂದು ಕೇಳಿದಳು. ಅವನು ವಿವರಿಸಿದ: ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಕರಗಿಸುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ಮೇಲೆ, ಸ್ಪಂಜಿನೊಳಗೆ ನಿಧಾನವಾಗಿ ಬೆಳೆಯುತ್ತವೆ. ಅದಕ್ಕೆ ಐದಾರು ವಾರ ಬೇಕು. ನಲ್ಲಿ ನೀರಿನಲ್ಲಿ ತೊಳೆದರೆ ಅದರ ಕ್ಲೋರಿನ್‌ಗೆ ಅವೆಲ್ಲ ಸತ್ತು, ಲೆಕ್ಕ ಮತ್ತೆ ಮೊದಲಿನಿಂದ.

ಮನೆ ಹತ್ತಿರ ಬಂದಾಗ ಚಿಕ್ಕಮ್ಮ, "ಹಾಗಾದ್ರೆ ಕೊಂದಿದ್ದು ನಾನೇ" ಎಂದಳು. ನಾನು ಏನೋ ಸಮಾಧಾನ ಹೇಳಲು ಹೋದೆ. ಬೇಡ ಎಂದು ಕೈಯಾಡಿಸಿದಳು.

ಅವಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಮೇಲಿನ ಆರು ವಾರಗಳಲ್ಲಿ. ಕೊಳೆ ಕಂಡರೆ ಕೈ ತುರಿಸುವ ಹೆಂಗಸು ಕೈ ಕಟ್ಟಿಕೊಂಡು ಕೂತಳು. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲು, ಅದೂ ಕ್ಲೋರಿನ್ ಹಾರಿಹೋಗಲೆಂದು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನೀರು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆಯುವುದು. ಗಾಜಿನ ಮೇಲೆ ಹಸಿರು ಪಾಚಿ ಹಬ್ಬಿದಾಗ ಅವಳು ಪಟ್ಟ ಸಂಕಟ ನೋಡಲಾಗುತ್ತಿರಲಿಲ್ಲ. ಬಟ್ಟೆ ಹಿಡಿದು ಬಂದು, ಅರ್ಧ ದಾರಿಯಲ್ಲಿ ನಿಂತು, ಬಟ್ಟೆಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಎಲ್ಲಾದರೂ ಬಚ್ಚಿಡಿ ಎನ್ನುತ್ತಿದ್ದಳು. ಕಡೆಗೆ ತನ್ನೊಳಗೇ ಒಂದು ರಾಜಿ ಮಾಡಿಕೊಂಡಳು. "ಮುಂದಿನ ಗಾಜು ನಂದು, ಹಿಂದಿಂದು ಅವುಗಳದ್ದು" ಎಂದು ಘೋಷಿಸಿ, ಭಾನುವಾರ ಮುಂದಿನದನ್ನು ಮಾತ್ರ ಒರೆಸತೊಡಗಿದಳು. ಉಳಿದಿದ್ದ ಎರಡು ಮೀನು ಬದುಕಿದವು. ಏಳನೇ ವಾರ ನಾಲ್ಕು ಸೇರಿಸಿದಳು, ಇನ್ನೊಂದು ತಿಂಗಳ ಮೇಲೆ ಮತ್ತೆ ನಾಲ್ಕು. ಮಗಳು ಮತ್ತೆ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂರತೊಡಗಿದಳು.

ಇಷ್ಟಾಯಿತು ಎನ್ನುವಾಗ ನೀರು ಮತ್ತೆ ಕೆಡಲು ಶುರುವಾಯಿತು. ಚಿಕ್ಕಮ್ಮ ತಾನು ಮಾಡಿದ್ದೆಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಳು, ಎಲ್ಲಿಯೂ ತಪ್ಪಿರಲಿಲ್ಲ. ಕಾರಣ ಸಿಕ್ಕಿದ್ದು ತಳದ ಕಲ್ಲುಗಳ ನಡುವೆ, ಉಬ್ಬಿದ ಬಿಸ್ಕತ್ತಿನ ಚೂರುಗಳ ರೂಪದಲ್ಲಿ. ಹಗಲೆಲ್ಲ ಮನೆಯಲ್ಲಿರುವವರು ಅಜ್ಜಿ, ಅಂದರೆ ಚಿಕ್ಕಮ್ಮನ ಅತ್ತೆ. ಅವರು ಹತ್ತಿರ ಹೋದಾಗಲೆಲ್ಲ ಮೀನುಗಳು ಗಾಜಿಗೆ ಬಾಯಿ ತಂದು ತೆರೆಯುತ್ತಿದ್ದವು. ಬಾಯಿ ತೆರೆದವರಿಗೆ ಏನಾದರೂ ಹಾಕದೆ ಇರುವುದು ಅಜ್ಜಿಯ ಜಾಯಮಾನದಲ್ಲೇ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಂದು ಮನೆಯಲ್ಲಿ ರಾದ್ಧಾಂತವಾಗುತ್ತಿತ್ತು. ಚಿಕ್ಕಮ್ಮ ಕೋಪವನ್ನು ನುಂಗಿಕೊಂಡಿದ್ದು ನನಗೆ ಕಾಣಿಸಿತು. ಮರುದಿನ ಅಂಗಡಿಯಿಂದ ಲೆನ್ಸು ಬರುವ ಏಳು ಪುಟ್ಟ ಡಬ್ಬಿಗಳನ್ನು ತಂದಳು. ಒಂದೊಂದರಲ್ಲೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಮೇಲೆ ವಾರದ ಹೆಸರು ಬರೆದು ಅಜ್ಜಿಯ ಮುಂದಿಟ್ಟಳು.

"ಅತ್ತೆ, ನಾನು ಬೆಳಿಗ್ಗೆ ಓಡೋ ಗಡಿಬಿಡೀಲಿ ಮರೆತುಬಿಡ್ತೀನಿ. ಇವುಗಳ ಊಟ ಇನ್ಮೇಲೆ ನಿಮ್ಮ ಜವಾಬ್ದಾರಿ. ನೀವು ಬಿಟ್ಟು ಬೇರೆ ಯಾರೂ ಹಾಕ್ಬಾರ್ದು."

ಅಂದಿನಿಂದ ಅಜ್ಜಿಯಷ್ಟು ಕಟ್ಟುನಿಟ್ಟಿನ ಕಾವಲುಗಾರರು ಇನ್ನೊಬ್ಬರಿರಲಿಲ್ಲ. ಮೊಮ್ಮಗಳು ಒಂದು ಕಾಳು ಹಾಕಲು ಹೋದರೂ ಕೈಗೆ ಪಟ್ ಎಂದು ಏಟು. ಮಂಗಳವಾರದ ಡಬ್ಬಿಯನ್ನು ಸೋಮವಾರ ಮುಟ್ಟುವ ಹಾಗಿಲ್ಲ. ಬಂದವರಿಗೆಲ್ಲ, ಇವಕ್ಕೆ ಹೊಟ್ಟೆ ಕಣ್ಣಿನಷ್ಟೇ ಇರೋದು ಎಂದು ಪಾಠ ಹೇಳುತ್ತಿದ್ದರು.

ದೊಡ್ಡ ಪೆಟ್ಟು ಬಿದ್ದದ್ದು ಎರಡನೆಯ ವರ್ಷ, ಒಂದು ಗುರುವಾರ ಮಧ್ಯಾಹ್ನ. ಅಜ್ಜಿ ಮನೆಯೊಳಗೂ ಕಾಲ್ಚೀಲ ಹಾಕಿಕೊಳ್ಳುವವರು. ಕಿಟಕಿಯ ಬಳಿ ನಡೆದಾಗ ಕಾಲ್ಚೀಲ ಒದ್ದೆಯಾಯಿತು. ಬಗ್ಗಿ ನೋಡಿದರೆ ಮೇಜಿನ ಕಾಲಿನಗುಂಟ ನೀರು ಇಳಿಯುತ್ತಿದೆ. ಅಂಗಡಿಗೆ ಫೋನು ಮಾಡಿದರು. ಚಿಕ್ಕಮ್ಮ ಕೈಯಲ್ಲಿದ್ದ ಲೆನ್ಸು ಮುಗಿಸಿ, ಮಾಲೀಕರಿಗೆ ಹೇಳಿ, ಓಡೋಡಿ ಬಂದಳು. ಅಷ್ಟರಲ್ಲಿ ನಾನೂ ಬಂದಿದ್ದೆ. ತೊಟ್ಟಿಯ ಒಂದು ಮೂಲೆಯ ಅಂಟು ಬಿಟ್ಟಿತ್ತು. ಹಳೇ ನೀರನ್ನು ಎರಡು ಬಕೆಟ್ಟಿಗೆ ತುಂಬಿ, ಮೀನುಗಳನ್ನು ಹಿಡಿದು ಅದಕ್ಕೆ ಬಿಟ್ಟು, ಗಾಳಿಯ ಪಂಪನ್ನೂ ಸ್ಪಂಜನ್ನೂ ಅದರೊಳಗೇ ಇಳಿಸಿದಳು. ಒಂದು ಮೀನೂ ಜಾರಲಿಲ್ಲ.

ಮೀನಿನಂಗಡಿಯವನು ತೊಟ್ಟಿಯನ್ನು ಎಸೆದು ಹೊಸದು ಕೊಳ್ಳಿ ಎಂದ. ಚಿಕ್ಕಮ್ಮ ಒಪ್ಪಲಿಲ್ಲ. ಗಾಜು ಗಟ್ಟಿಯಾಗಿದೆ, ಹೋಗಿರುವುದು ಅಂಟು ತಾನೇ ಎಂದಳು. ಸೋರುವ ಮೂಲೆಯನ್ನು ಬ್ಲೇಡಿನಿಂದ ಕೆರೆದು, ಹೊಸ ಸಿಲಿಕಾನ್ ಅಂಟು ಹಾಕಿ, ಎರಡು ದಿನ ಒಣಗಿಸಿದಳು. ಮನೆಯೆಲ್ಲ ಹುಳಿ ಹುಳಿ ವಾಸನೆ. ಭಾನುವಾರ ಬೆಳಿಗ್ಗೆ ನೀರು ತುಂಬಿಸಿ ಕಾದಳು. ಮಧ್ಯಾಹ್ನದೊಳಗೆ ಅದೇ ಮೂಲೆಯ ಸ್ವಲ್ಪ ಮೇಲಿನಿಂದ ಮತ್ತೆ ಹನಿ ಇಳಿಯಿತು.

ಅವಳು ನೆಲದ ಮೇಲೆ ಕುಸಿದು ಕೂತುಬಿಟ್ಟಳು. "ಸಾಕಪ್ಪ. ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನನ್ನ ಕೈಲಿ ಆಗಲ್ಲ" ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಿಕ್ಕಪ್ಪ ನೆಲ ಒರೆಸುತ್ತಿದ್ದರು. ಅಜ್ಜಿ ಬಕೆಟ್ಟಿನೊಳಗೆ ಬಗ್ಗಿ ನೋಡುತ್ತಾ, "ಸರಿ ಕಣೇ, ಕೊಡು. ಆದ್ರೆ ಇಲ್ಲಿರೋರಿಗೆ ನೀನೇ ಹೇಳು, ನನ್ನ ಕೈಲಿ ಹೇಳೋಕಾಗಲ್ಲ" ಎಂದರು.

ಚಿಕ್ಕಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡೂ ಮುಗಿದ ಮೇಲೆ ಎದ್ದು, ಮುಖ ತೊಳೆದು, ತೊಟ್ಟಿಯ ಮೂಲೆಯನ್ನು ಬಹಳ ಹೊತ್ತು ನೋಡಿದಳು. ಹೊಸ ಅಂಟು ಗಾಜಿಗೆ ಹಿಡಿದಿತ್ತು, ಹಳೇ ಅಂಟಿಗೆ ಹಿಡಿದಿರಲಿಲ್ಲ. ಎರಡೂ ಸೇರುವ ಜಾಗದಲ್ಲೇ ನೀರು ದಾರಿ ಮಾಡಿಕೊಂಡಿತ್ತು. ಅಂದರೆ ಒಂದು ಮೂಲೆಗೆ ತೇಪೆ ಹಾಕಿದರೆ ಆಗದು, ಒಳಗಿನ ಅಂಟನ್ನೆಲ್ಲ ತೆಗೆಯಬೇಕು.

ಎರಡು ಸಂಜೆ ಹಿಡಿಯಿತು. ತೊಟ್ಟಿಯೊಳಗೆ ತಲೆ ತೂರಿಸಿಕೊಂಡು ನಾಲ್ಕು ಮೂಲೆ, ನಾಲ್ಕು ತಳದಂಚು, ಒಂದೊಂದನ್ನೂ ಕೆರೆದಳು. ಸ್ಪಿರಿಟ್ಟಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿದಳು. ಕಲೆ ಕಂಡರೆ ಸಹಿಸದ ಆ ಸ್ವಭಾವಕ್ಕೆ ಅಂತೂ ತಕ್ಕ ಕೆಲಸ ಸಿಕ್ಕಿತ್ತು. ಅಂಟು ಹಾಕುವಾಗ ಅವಳ ಕೈ ಒಂದೇ ಸಮನೆ ಸರಿದದ್ದನ್ನು ನೋಡಿ ಚಿಕ್ಕಪ್ಪ ನನಗೆ ಮೊಣಕೈಯಿಂದ ತಿವಿದು ತೋರಿಸಿದರು. ಆಮೇಲೆ ಐದು ದಿನ ಯಾರೂ ಅದನ್ನು ಮುಟ್ಟಲಿಲ್ಲ. ದಿನವೂ ಬಕೆಟ್ಟಿನ ನೀರು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಮೀನುಗಳನ್ನು ಕಾಪಾಡಿಕೊಂಡಳು. ಹನ್ನೊಂದನೆಯ ದಿನ ಕೆಳಗೆ ಪತ್ರಿಕೆ ಹಾಸಿ, ಕಾಲು ಭಾಗ ತುಂಬಿಸಿ, ಒಂದು ಗಂಟೆ ಕಾದು, ಮತ್ತೆ ಕಾಲು ಭಾಗ, ಹೀಗೆ ಪೂರ್ತಿ ತುಂಬಿಸಿದಳು. ಸಂಜೆಯವರೆಗೂ ಪತ್ರಿಕೆಯ ಮೇಲೆ ಒಂದು ಹನಿ ಬೀಳಲಿಲ್ಲ. ಮೀನುಗಳು ಹತ್ತಕ್ಕೆ ಹತ್ತೂ ಮನೆ ಸೇರಿದವು.

ಆ ತೊಟ್ಟಿ ಇವತ್ತಿಗೂ ಸೋರಿಲ್ಲ. ಹಾಗೆಂದು ಕಾಟ ಮುಗಿದಿದೆ ಎಂದಲ್ಲ. ಒಂದು ಸಲ ಗಿಡ ಕೊಳೆತವು, ಇನ್ನೊಂದು ಸಲ ಎಲ್ಲಿಂದಲೋ ಬಂದ ಬಸವನಹುಳ ನೂರಾದವು, ಮತ್ತೊಮ್ಮೆ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದವು. ಪ್ರತಿ ಸಲವೂ ಚಿಕ್ಕಮ್ಮ ಮೊದಲು ಚೆನ್ನಾಗಿ ಗೊಣಗುತ್ತಾಳೆ. ಆಮೇಲೆ ಪುಸ್ತಕ ತೆಗೆದು ಕೂರುತ್ತಾಳೆ.

ಈಗ ಮೀನಿನಂಗಡಿಯವನೇ ಬೇಸತ್ತ ಗಿರಾಕಿಗಳನ್ನು ಅವಳ ಬಳಿ ಕಳಿಸುತ್ತಾನೆ. ಕಳೆದ ಸಲ ನಾನು ಹೋದಾಗ ಬ್ಯಾಂಕಿನವರೊಬ್ಬರು ಕನ್ನಡಕದಂಗಡಿಗೇ ಬಂದಿದ್ದರು. ಮೂರು ಸಲ ಮೀನು ತಂದು ಮೂರು ಸಲವೂ ಕಳೆದುಕೊಂಡವರು, ತೊಟ್ಟಿಯನ್ನು ಮಾರಿಬಿಡುತ್ತೇನೆ ಎಂದರು. ಚಿಕ್ಕಮ್ಮ ಸಾಣೆ ನಿಲ್ಲಿಸಿ, ಅವರಿಗೆ ಸ್ಟೂಲು ಕೊಟ್ಟು, ಪೂರ್ತಿ ಕೇಳಿಸಿಕೊಂಡಳು. ಸುಲಭ ಎಂದು ಸುಳ್ಳು ಹೇಳಲಿಲ್ಲ.

"ಮಾರೋದಿದ್ರೆ ಮಾರಿ ಸರ್, ತಪ್ಪೇನಿಲ್ಲ. ಆದ್ರೆ ಇವತ್ತು ಕೋಪದಲ್ಲಿದ್ದೀರಿ, ಇವತ್ತು ಬೇಡ. ಒಂದು ತಿಂಗಳು ನಾನು ಹೇಳಿದ ಹಾಗೆ ಮಾಡಿ, ಆಮೇಲೆ ಯೋಚನೆ ಮಾಡಿ."

ಅವರು ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಹೋದರು. ಐದು ವಾರ ಕಳೆದ ಮೇಲೆ ಫೋನು ಮಾಡಿ, ಈ ಸಲ ತಂದವು ಎಲ್ಲವೂ ಓಡಾಡಿಕೊಂಡಿವೆ, ಹೆಂಡತಿ ಇನ್ನೊಂದು ತೊಟ್ಟಿ ತರೋಣ ಅನ್ನುತ್ತಿದ್ದಾಳೆ ಎಂದರಂತೆ. ಚಿಕ್ಕಮ್ಮ ಅದು ಮಾತ್ರ ಸದ್ಯಕ್ಕೆ ಬೇಡ ಎಂದು ಹೇಳಿ ಫೋನಿಟ್ಟಳಂತೆ.